ಸೀಸದ ಮೇಲೆ ಹೊಡೆದು ನೋಡಿ: ನಾಣ್ಯದ ಅಚ್ಚಿನ ದೋಷ ಪತ್ತೆ ಮಾಡುವ ಕೈಪಿಡಿ

ಅಚ್ಚು ಕೆತ್ತಿ ಮುಗಿದಿದೆ. ಸೀಸದ ಬಿಲ್ಲೆ ಇಟ್ಟು ಒಂದು ಪೆಟ್ಟು ಹಾಕಿದ್ದೀರಿ. ಎತ್ತಿ ನೋಡಿದರೆ ಎಲ್ಲೋ ಒಂದು ಗೆರೆ ಜಾಸ್ತಿ, ಎಲ್ಲೋ ಒಂದು ಅಕ್ಷರ ಕಮ್ಮಿ. ಕೈ ತಾನಾಗಿ ಉಳಿಯ ಕಡೆ ಹೋಗುತ್ತದೆ. ಅಲ್ಲೇ ನಿಲ್ಲಿ. ಆ ತಪ್ಪು ಅಚ್ಚಿನದೇ ಅಂತ ನಿಮಗೆ ಇನ್ನೂ ಗೊತ್ತಿಲ್ಲ.

ನಾನು ಟಂಕಸಾಲೆಯ ನೌಕರನಲ್ಲ. ನಮ್ಮ ದೇಶದಲ್ಲಿ ನಾಣ್ಯ ಟಂಕಿಸುವುದು ಕೇಂದ್ರ ಸರ್ಕಾರದ ಕೆಲಸ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ, ಈ ನಾಲ್ಕು ಕಡೆ ಅದರ ಟಂಕಸಾಲೆಗಳಿವೆ. ನಾನು ಬೆಂಗಳೂರಿನ ಒಂದು ಸಣ್ಣ ಶೆಡ್ಡಿನಲ್ಲಿ ಪದಕಗಳಿಗೆ, ನೆನಪಿನ ಬಿಲ್ಲೆಗಳಿಗೆ ಅಚ್ಚು ಮಾಡುವವನು. ಆದರೆ ಅಚ್ಚಿನ ಮಟ್ಟಿಗೆ ಎರಡೂ ಕಡೆ ಕಷ್ಟ ಒಂದೇ. ಉಕ್ಕಿನಲ್ಲಿ ಎಲ್ಲವೂ ತಿರುಗಾಮುರುಗಾ, ಉಬ್ಬಬೇಕಾದದ್ದು ಹಳ್ಳ, ಎಡಕ್ಕಿರಬೇಕಾದದ್ದು ಬಲಕ್ಕೆ. ಎಷ್ಟೇ ಪಳಗಿದ ಕಣ್ಣಾದರೂ ಅದನ್ನು ನೇರವಾಗಿ ಓದಿ ತಪ್ಪು ಹಿಡಿಯುವುದು ಕಷ್ಟ. ಅದಕ್ಕೇ ಮೆತ್ತಗಿರುವ ಸೀಸದ ಮೇಲೆ ಒಂದು ಪ್ರತಿ ತೆಗೆದು ನೋಡುವುದು.

ಇದು ನಿನ್ನೆ ಮೊನ್ನೆಯ ಉಪಾಯವಲ್ಲ. ಇಂಗ್ಲೆಂಡಿನ ಯಾರ್ಕ್ ಊರಿನ ಕಾಪರ್‌ಗೇಟ್ ಎಂಬಲ್ಲಿ 1976ರಿಂದ 1981ರವರೆಗೆ ನಡೆದ ಅಗೆತದಲ್ಲಿ ಹತ್ತನೇ ಶತಮಾನದ ಕಬ್ಬಿಣದ ನಾಣ್ಯದ ಅಚ್ಚುಗಳು ಸಿಕ್ಕಿವೆ. ಪೆನ್ನಿ ಎಂಬ ನಾಣ್ಯದ ಅಚ್ಚು ಒತ್ತಿದ ಸೀಸದ ತುಂಡುಗಳೂ ಸಿಕ್ಕಿವೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಕೆತ್ತನೆಗಾರರು ಕಾಗದದ ಮೇಲೆ ಕರಗಿದ ಸೀಸ ಸುರಿದು, ಅದು ಗಟ್ಟಿಯಾಗುವ ಮುಂಚೆ ಅಚ್ಚು ಒತ್ತುತ್ತಿದ್ದರು. ಅಂಥ ತುಂಡುಗಳ ಬೆನ್ನಿಗೆ ಇವತ್ತಿಗೂ ಕಾಗದ ಅಂಟಿಕೊಂಡಿರುತ್ತದೆ. ಈಗ ದೊಡ್ಡ ಟಂಕಸಾಲೆಗಳಲ್ಲಿ ಚಿತ್ರ ಕಂಪ್ಯೂಟರಿನಲ್ಲೇ ಮೂಡಿ, ಯಂತ್ರವೇ ಕೊರೆಯುತ್ತದೆ. ಕೈಯಲ್ಲಿ ಕೆತ್ತುವ, ಕೈಯಲ್ಲಿ ತಿದ್ದುವ ಕಡೆ ಸೀಸ ಇನ್ನೂ ಕೆಲಸಕ್ಕೆ ಬರುತ್ತದೆ.

ಕೆಲಸಕ್ಕೆ ಕೈ ಹಾಕುವ ಮುಂಚೆ

ಸೀಸ ವಿಷ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಕರಗಿಸುವ ಜಾಗದಲ್ಲಿ ಗಾಳಿ ಆಡಬೇಕು. ಕೈಗವಸು ಬೇಕು, ಅದೇ ಕೈಯಲ್ಲಿ ಕಾಫಿ ಲೋಟ ಹಿಡಿಯಬಾರದು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು, ಮಕ್ಕಳಿರುವ ಮನೆಗಂತೂ ಬೇಡವೇ ಬೇಡ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದಕ್ಕಿಂತ ಒಂದೈವತ್ತು ಡಿಗ್ರಿ ಮೇಲಿದ್ದರೆ ಸುರಿಯಲು ಸಾಕು. ಜಾಸ್ತಿ ಕಾಯಿಸಿದಷ್ಟೂ ಹೊಗೆ ಜಾಸ್ತಿ.

ಇನ್ನೊಂದು ಮಾತು. ಕರಗಿದ ಸೀಸಕ್ಕೆ ಒಂದು ಹನಿ ನೀರೂ ತಾಗಬಾರದು. ಒದ್ದೆ ಸೌಟು ಅದ್ದಿದರೆ ನೀರು ಅಲ್ಲೇ ಆವಿಯಾಗಿ ಸಿಡಿದು, ಸೀಸ ಮುಖಕ್ಕೆ ಹಾರುತ್ತದೆ. ಮಳೆಗಾಲದಲ್ಲಿ ನಮ್ಮ ಶೆಡ್ಡಿನ ಸೌಟು, ಎರಕದ ಪಾತ್ರೆ ಎಲ್ಲವನ್ನೂ ಮೊದಲು ಒಲೆಯ ಪಕ್ಕ ಇಟ್ಟು ಬಿಸಿ ಮಾಡಿಯೇ ಮುಟ್ಟುವುದು.

ಮೊದಲ ಅನುಮಾನ ಸೀಸದ ಮೇಲೆ

ಪೆಟ್ಟು ಬಿದ್ದ ಬಿಲ್ಲೆಯ ಅಂಚು ಸೀಳಿದೆಯಾ? ಸಣ್ಣ ಗೆರೆಗಳು ಮೊಂಡಾಗಿವೆಯಾ? ಹಾಗಾದರೆ ನಿಮ್ಮ ಸೀಸ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ. ಹಳೇ ಬ್ಯಾಟರಿಯ ಸೀಸ, ಕಾರಿನ ಚಕ್ರಕ್ಕೆ ಹೊಡೆಯುವ ತೂಕದ ತುಂಡು, ಇವುಗಳಲ್ಲಿ ಆಂಟಿಮನಿ ಬೆರೆತಿರುತ್ತದೆ. ಅದು ಸೀಸವನ್ನು ಗಡಸು ಮಾಡುತ್ತದೆ. ಬ್ಯಾಟರಿ ಸೀಸದಲ್ಲಿ ಬೇರೆ ವಿಷವೂ ಇರುತ್ತದೆ, ಅದರ ತಂಟೆಗೇ ಹೋಗಬೇಡಿ. ಶುದ್ಧ ಸೀಸದ ತಗಡನ್ನು ಉಗುರಿನಿಂದ ಗೀರಿದರೆ ಗೀರು ಬೀಳುತ್ತದೆ. ಬಗ್ಗಿಸಿದರೆ ಸದ್ದಿಲ್ಲದೆ ಬಗ್ಗುತ್ತದೆ. ಕೊಯ್ದ ಜಾಗ ಬೆಳ್ಳಿಯಂತೆ ಹೊಳೆದು, ಸ್ವಲ್ಪ ಹೊತ್ತಿಗೆ ಮಂಕಾಗುತ್ತದೆ.

ಸಾಸಿವೆಯಷ್ಟು ಸಣ್ಣ ತೂತುಗಳು ಅಲ್ಲಲ್ಲಿ ಕಂಡರೆ ಅವು ಎರಕದ ಗುಳ್ಳೆಗಳು. ಎರಡು ಅಲೆ ಬಂದು ಕೂಡದೆ ನಿಂತಂತೆ ಸುಕ್ಕು ಕಂಡರೆ ಸೀಸ ತಣ್ಣಗಿತ್ತು, ಇಲ್ಲಾ ಎರಕದ ಪಾತ್ರೆ ತಣ್ಣಗಿತ್ತು. ಬೂದು ಬಣ್ಣದ ಕೆನೆ ಸಿಕ್ಕಿಕೊಂಡಿದ್ದರೆ ಸುರಿಯುವ ಮುಂಚೆ ಅದನ್ನು ತೆಗೆದಿಲ್ಲ. ಇವುಗಳಿಗೆಲ್ಲ ಒಂದೇ ಗುಣ: ಒಂದು ಬಿಲ್ಲೆಯಲ್ಲಿ ಇದ್ದ ಕಡೆ ಇನ್ನೊಂದರಲ್ಲಿ ಇರುವುದಿಲ್ಲ. ಸುಲಭದ ದಾರಿ ಅಂದರೆ ಎರಕವನ್ನೇ ಬಿಟ್ಟು, ಉರುಳೆಯಲ್ಲಿ ತೆಳು ಮಾಡಿದ ತಗಡಿನಿಂದ ಬಿಲ್ಲೆ ಕತ್ತರಿಸಿಕೊಳ್ಳುವುದು.

ಸೀಸದ ಒಂದು ಒಳ್ಳೆಯ ಗುಣ ಹೇಳಲೇಬೇಕು. ತಾಮ್ರವನ್ನು ಬಡಿದಷ್ಟೂ ಅದು ಗಡುಸಾಗುತ್ತದೆ, ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು. ಸೀಸ ಕೋಣೆಯ ಶಾಖದಲ್ಲೇ ತನ್ನಷ್ಟಕ್ಕೆ ಮೆತ್ತಗಾಗುತ್ತದೆ. ಹತ್ತು ಪೆಟ್ಟು ಹಾಕಿದರೂ ಮೊದಲನೆಯದರಷ್ಟೇ ಮೆದು. ಹಾಗಾಗಿ ಹಳೇ ಬಿಲ್ಲೆಯನ್ನೇ ತಟ್ಟಿ ಚಪ್ಪಟೆ ಮಾಡಿ ಮತ್ತೆ ಬಳಸಬಹುದು. ಆದರೆ ದೋಷ ಹುಡುಕುವಾಗ ಬೇಡ. ಹಳೇ ಗುರುತಿನ ನೆರಳು ಉಳಿದುಬಿಟ್ಟರೆ ಹೊಸ ದೋಷ ಅಂತ ಅದರ ಹಿಂದೆ ಓಡುತ್ತೀರಿ.

ಉಬ್ಬೋ, ತಗ್ಗೋ?

ದೋಷವನ್ನು ಕಂಡ ಮೇಲೆ ಕೇಳುವ ಮೊದಲ ಪ್ರಶ್ನೆ ಇದು. ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಸೀಸದಲ್ಲಿ ಬೇಡದ ಗೆರೆ ಉಬ್ಬಿ ನಿಂತಿದ್ದರೆ, ಅಚ್ಚಿನಲ್ಲಿ ಅಲ್ಲಿ ಹಳ್ಳವಿದೆ. ಉಳಿ ಜಾರಿದ ಗೀರು, ತುಕ್ಕು ತಿಂದ ಕುಳಿ, ಬಿರುಕು, ಅಂಚು ಮುರಿದ ಜಾಗ, ಇವೆಲ್ಲ ಉಬ್ಬಾಗಿಯೇ ಬರುತ್ತವೆ. ಸೀಸದಲ್ಲಿ ಬೇಡದ ತಗ್ಗು ಕಂಡರೆ, ಅಚ್ಚಿನ ಮೇಲೆ ಏನೋ ಕೂತಿದೆ: ನೂಲು, ಲೋಹದ ಪುಡಿ, ಎಣ್ಣೆ. ಇಲ್ಲವೇ ತಗ್ಗು ಬಿಲ್ಲೆಯಲ್ಲಿ ಮೊದಲೇ ಇತ್ತು. ತಗ್ಗಿಗೆ ಒರೆಸುವ ಬಟ್ಟೆ ಮದ್ದು, ಉಬ್ಬಿಗೆ ಮಾತ್ರ ಉಳಿಯ ಯೋಚನೆ. ಇದನ್ನು ತಿರುಗಾಮುರುಗಾ ಮಾಡಿದವರು ಒಳ್ಳೆಯ ಅಚ್ಚನ್ನು ಕೆರೆದು ಹಾಳು ಮಾಡಿರುವುದನ್ನು ನೋಡಿದ್ದೇನೆ. ಒಂದು ಸಲ ಮಾಡಿದವನು ನಾನೇ.

ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಬೆಳಕು ಮೇಲಿಂದ ಬೀಳುತ್ತಿದೆ ಅಂತ ಮಿದುಳು ತಾನೇ ಊಹಿಸಿಕೊಂಡಿರುತ್ತದೆ. ದೀಪ ಕೆಳಗಡೆ ಇದ್ದರೆ ಹಳ್ಳ ಉಬ್ಬಿದಂತೆ, ಉಬ್ಬು ಹಳ್ಳದಂತೆ ಕಾಣುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದಾಗ ಈ ಗೊಂದಲ ಇನ್ನೂ ಜಾಸ್ತಿ. ಟೇಬಲ್ ದೀಪವನ್ನು ಎಡಗಡೆ ತಗ್ಗಿನಲ್ಲಿ ಇಟ್ಟು, ಬಿಲ್ಲೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ನೋಡಿ. ನೆರಳು ಎತ್ತ ಬೀಳುತ್ತದೆ ಅಂತ ಗಮನಿಸಿ.

ಅನುಮಾನ ಉಳಿದರೆ ಇನ್ನೊಂದು ದಾರಿ ಇದೆ. ನಾವು ಪೆನ್ಸಿಲ್ಲಿಗೆ ಸೀಸದ ಕಡ್ಡಿ ಅನ್ನುತ್ತೇವೆ, ಅಲ್ವಾ? ಪೆನ್ಸಿಲ್ಲಿನಲ್ಲಿರುವುದು ಸೀಸವಲ್ಲ, ಗ್ರಾಫೈಟ್. ಆದರೆ ನಿಜವಾದ ಸೀಸವೂ ಕಾಗದದ ಮೇಲೆ ಬೂದು ಗೆರೆ ಎಳೆಯುತ್ತದೆ. ಬಿಲ್ಲೆಯ ಮುಖವನ್ನು ಗಾಜಿನ ಮೇಲಿಟ್ಟ ಬಿಳಿ ಹಾಳೆಗೆ ಒತ್ತಿ ಒಂದು ಕೂದಲೆಳೆಯಷ್ಟು ಸರಿಸಿ. ಎತ್ತರದ ಜಾಗಗಳಷ್ಟೇ ಕಾಗದಕ್ಕೆ ಬಣ್ಣ ಬಿಡುತ್ತವೆ. ದೋಷದ ಜಾಗವೂ ಬಣ್ಣ ಬಿಟ್ಟರೆ ಅದು ಉಬ್ಬು, ಬೇರೆ ಮಾತಿಲ್ಲ. ಬಣ್ಣ ಬಿಡಲಿಲ್ಲ ಅಂದಮಾತ್ರಕ್ಕೆ ತಗ್ಗು ಅನ್ನಲಾಗುವುದಿಲ್ಲ. ಸುತ್ತಲಿನ ಅಕ್ಷರಕ್ಕಿಂತ ಗಿಡ್ಡ ಇರುವ ಉಬ್ಬು ಕಾಗದಕ್ಕೆ ತಾಗುವುದೇ ಇಲ್ಲ. ಆಗ ಸೂಜಿಯ ಮೊನೆಯನ್ನು ಸೀಸದ ಮೇಲೆ ಮೆಲ್ಲಗೆ ಎಳೆದು ನೋಡಿ. ಬಿಲ್ಲೆಯ ಮೇಲೆ ಮಾತ್ರ. ಅಚ್ಚಿನ ಮೇಲೆ ಸೂಜಿ ಇಡಲೇಬೇಡಿ.

ಮೂರು ಬಿಲ್ಲೆ ಪರೀಕ್ಷೆ

ಎರಡೂ ಅಚ್ಚನ್ನು ಒಟ್ಟಿಗೆ ಹೊಡೆದು ದೋಷ ಹುಡುಕಲು ಹೋಗಬೇಡಿ. ಒಂದು ಅಚ್ಚು ಮೇಲೆ, ಕೆಳಗೆ ಚಪ್ಪಟೆ ಉಕ್ಕಿನ ತುಂಡು, ನಡುವೆ ಸೀಸ. ಒಂದೇ ಮುಖ ಸಾಕು.

ಬಿಲ್ಲೆಯ ಅಂಚಿನಲ್ಲಿ ಒಂದು ಕಚ್ಚು ಹಾಕಿ, ಆ ಕಚ್ಚು ನಿಮ್ಮ ಕಡೆ ಇರುವಂತೆ ಇಟ್ಟು ಹೊಡೆಯಿರಿ. ಬೆನ್ನಿಗೆ 1 ಅಂತ ಬರೆಯಿರಿ. ಅಚ್ಚನ್ನು ಒರೆಸಿ, ಹೊಸ ಬಿಲ್ಲೆ ಇಟ್ಟು ಅದೇ ರೀತಿ ಇನ್ನೊಂದು. ಅದು 2. ದೋಷ ಎರಡನೆಯದರಲ್ಲಿ ಇಲ್ಲವೇ? ಸೀಸದ ತಪ್ಪು, ಇಲ್ಲಾ ಕಸದ ತಪ್ಪು. ಮನೆಗೆ ಹೋಗಿ ಊಟ ಮಾಡಿ.

ದೋಷ ಹಾಗೇ ಇದೆಯೇ? ಈಗ ಅಚ್ಚನ್ನು ಸಡಿಲಿಸಿ, ಅದನ್ನು ಪ್ರೆಸ್ಸಿನಲ್ಲಿ ಹಿಡಿದಿಡುವ ಹೋಲ್ಡರಿನಲ್ಲೇ ಕಾಲು ಸುತ್ತು ತಿರುಗಿಸಿ, ಬಿಗಿದು ಮೂರನೆಯದನ್ನು ಹೊಡೆಯಿರಿ. ಬಿಲ್ಲೆಯ ಕಚ್ಚು ನಿಮ್ಮ ಕಡೆಗೇ ಇರಲಿ. ದೋಷ ಚಿತ್ರದ ಜೊತೆ ತಿರುಗಿದರೆ, ಅಂದರೆ ರಾಜನ ಮೂಗಿನ ಹತ್ತಿರವಿದ್ದದ್ದು ಮೂಗಿನ ಹತ್ತಿರವೇ ಉಳಿದರೆ, ಅದು ಅಚ್ಚಿನದು. ದೋಷ ಕಚ್ಚಿನ ಕಡೆಗೇ ಉಳಿದು, ಮೂಗು ಮಾತ್ರ ಬೇರೆ ಕಡೆ ಹೋದರೆ ಅದು ಪ್ರೆಸ್ಸಿನದು. ನಾನು ಮಾಡುವ ಪರೀಕ್ಷೆಗಳಲ್ಲಿ ಇದಕ್ಕಿಂತ ಅಗ್ಗದ್ದೂ ಇಲ್ಲ, ನಂಬಿಕೆಯದ್ದೂ ಇಲ್ಲ. ಹದಿನೈದು ನಿಮಿಷದ ಕೆಲಸ.

ಒಂದು ಕಡೆ ದಟ್ಟ, ಇನ್ನೊಂದು ಕಡೆ ಪೇಲವ

ಬಹುತೇಕ ಇದು ಪ್ರೆಸ್ಸಿನ ಓರೆ. ಬಿಲ್ಲೆಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನಾಲ್ಕು ಕಡೆ ಅಳೆಯಿರಿ. ಒಂದು ಕಡೆ 2.40 ಮಿ.ಮೀ., ಎದುರು ಕಡೆ 2.65 ಬಂದರೆ ಅಚ್ಚು ಸಮವಾಗಿ ಇಳಿಯುತ್ತಿಲ್ಲ. ಹೋಲ್ಡರಿನ ಕೆಳಗೆ ಲೋಹದ ಚೂರು ಸಿಕ್ಕಿದೆಯೇ ಮೊದಲು ನೋಡಿ. ಹತ್ತಕ್ಕೆ ಆರು ಸಲ ಅದೇ ಆಗಿರುತ್ತದೆ. ಇಲ್ಲದಿದ್ದರೆ ಅಚ್ಚಿನ ತಳವನ್ನು ಓರೆಯಿಲ್ಲದೆ ಸಮವಾಗಿ ಕಡೆದಿಲ್ಲ. ಇದನ್ನೂ ಮೂರನೇ ಬಿಲ್ಲೆಯೇ ಹೇಳುತ್ತದೆ, ತಳ ಓರೆಯಾಗಿದ್ದರೆ ಪೇಲವ ಜಾಗ ಚಿತ್ರದ ಜೊತೆ ತಿರುಗುತ್ತದೆ. ಕಾಗದ ಮಡಚಿ ಕೆಳಗಿಟ್ಟು ಸರಿ ಮಾಡುವ ಚಾಳಿ ಬೇಡ. ಸೀಸಕ್ಕೆ ಅದು ನಡೆಯುತ್ತದೆ, ನಿಜವಾದ ಲೋಹಕ್ಕೆ ನಡೆಯುವುದಿಲ್ಲ.

ಅಂಚಿನ ಸುತ್ತ ಸೀಸ ತೆಳ್ಳಗೆ ಮೇಲೆದ್ದು ನಿಂತಿದೆಯಾ? ಸುತ್ತಲೂ ಸಮವಾಗಿದ್ದರೆ ಬಿಲ್ಲೆ ದಪ್ಪ ಜಾಸ್ತಿ, ಇಲ್ಲಾ ಪೆಟ್ಟು ಜಾಸ್ತಿ. ಒಂದೇ ಕಡೆ ಎದ್ದಿದ್ದರೆ ಬಿಲ್ಲೆಯ ಸುತ್ತ ಹಾಕುವ ಬಳೆಯ ನಡುವೆ ಅಚ್ಚು ಸರಿಯಾಗಿ ಕೂತಿಲ್ಲ.

ಅಕ್ಷರ ಎರಡೆರಡು ಕಂಡರೆ

ಫ್ಲೈ ಪ್ರೆಸ್ಸಿನಲ್ಲಿ, ಅಂದರೆ ಹಿಡಿ ತಿರುಗಿಸಿ ತಿರುಪಿನಿಂದ ಒತ್ತುವ ಯಂತ್ರದಲ್ಲಿ, ಹಿಡಿ ಬಿಟ್ಟರೆ ಅಚ್ಚು ಪುಟಿದು, ಸ್ವಲ್ಪ ಸರಿದ ಜಾಗದಲ್ಲಿ ಇನ್ನೊಮ್ಮೆ ಮುಟ್ಟುತ್ತದೆ. ಆಗ ಅಕ್ಷರದ ಪಕ್ಕದಲ್ಲಿ ಮೆಟ್ಟಿಲಿನಂತೆ ಚಪ್ಪಟೆ ಪಟ್ಟಿ ಕಾಣುತ್ತದೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಥರ. ಪೆಟ್ಟಿನ ನಂತರ ಹಿಡಿಯನ್ನು ಒತ್ತಿ ಹಿಡಿದರೆ, ಬಿಲ್ಲೆ ಸರಿಯದಂತೆ ಸುತ್ತ ಬಳೆ ಹಾಕಿದರೆ ಹೋಗುತ್ತದೆ.

ಮೂರೂ ಬಿಲ್ಲೆಯಲ್ಲಿ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ದುಂಡಗೆ ಎರಡಾಗಿ ಬಂದಿದ್ದರೆ ಅದು ಅಚ್ಚಿನೊಳಗೇ ಇದೆ. ಉಬ್ಬು ಮಾದರಿಯನ್ನು ಅಂದರೆ ಹಬ್ ಅನ್ನು ಒತ್ತಿ ಅಚ್ಚು ಮಾಡುವಾಗ ಒಂದೇ ಒತ್ತಿಗೆ ಆಗದೆ, ನಡುವೆ ಕಾಯಿಸಿ ಮತ್ತೆ ಒತ್ತುತ್ತಿದ್ದರು. ಎರಡನೇ ಸಲ ಕೂದಲಷ್ಟು ತಿರುಗಿದರೂ ಮುಗಿಯಿತು. 1955ರ ಅಮೆರಿಕದ ಒಂದು ಸೆಂಟ್ ನಾಣ್ಯಗಳಲ್ಲಿ ಕೆಲವು ಹೀಗೇ ಆಗಿ, ಇಸವಿ ಬರಿಗಣ್ಣಿಗೇ ಎರಡಾಗಿ ಕಾಣುತ್ತದೆ. ಸಂಗ್ರಹಗಾರರಿಗೆ ಅದು ಹಬ್ಬ. ಅಚ್ಚು ಮಾಡಿದವನಿಗೆ ಇದಕ್ಕೆ ರಿಪೇರಿ ಇಲ್ಲ, ಮುಖ ಕಡೆದು ಮತ್ತೆ ಒತ್ತಬೇಕು.

ಅಕ್ಷರ ಮಾಯವಾದರೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನಗೆ ಪಾಠ ಕಲಿಸಿದ ದೋಷ ಇದು.

ನಾನು ಕೆಲಸ ಕಲಿಯುತ್ತಿದ್ದ ಕಾಲ. ಒಂದು ಸಹಕಾರ ಸಂಘದ ಪದಕಕ್ಕೆ ಅಚ್ಚು ಕೆತ್ತಿದ್ದೆ. ನಡುವೆ ದೀಪ, ಕೆಳಗೆ ಕಮಾನಿನಂತೆ 'ಸಾಧನೆ' ಎಂಬ ಪದ. ಮೊದಲ ಬಿಲ್ಲೆ ಚೆನ್ನಾಗಿ ಬಂತು. ಖುಷಿಯಲ್ಲಿ ಇನ್ನೂ ನಾಲ್ಕು ಹೊಡೆದೆ. ನಾಲ್ಕನೆಯದನ್ನು ಭೂತಗನ್ನಡಿ ಹಿಡಿದು ನೋಡಿದರೆ 'ಸಾದನೆ' ಅಂತಿದೆ. ಧ ಅಕ್ಷರದ ಹೊಟ್ಟೆಯ ಕೆಳಗಿನ ಆ ಸಣ್ಣ ಸೀಳು ಕಾಣೆ! ಅಚ್ಚಿನಲ್ಲಿ ಅದು ಅರ್ಧ ಮಿ.ಮೀ. ಉದ್ದದ ಗೀರು ಅಷ್ಟೆ. ಅಲ್ಲಿನ ಉಕ್ಕು ಕುಸಿದಿದೆ ಅಂದುಕೊಂಡು, ಮತ್ತೆ ಗೀರಲು ಉಳಿ ಎತ್ತಿಕೊಂಡೆ.

ಮೇಸ್ತ್ರಿ ದೂರದಿಂದ ನೋಡುತ್ತಿದ್ದರು. "ಏನಪ್ಪಾ ಮಾಡ್ತಿದ್ದೀಯ?"

"ಧ ಬರ್ತಿಲ್ಲ ಮೇಸ್ತ್ರಿ. ಅಚ್ಚು ಕೂತ್ಬಿಟ್ಟಿದೆ."

"ಮೊದಲನೇದ್ರಲ್ಲಿ ಇತ್ತಾ?"

"ಇತ್ತು."

"ಐದೂ ಸಾಲಾಗಿ ಇಡು, ನೋಡೋಣ."

ಸಾಲಾಗಿ ಇಟ್ಟೆ. ಮೊದಲನೆಯದರಲ್ಲಿ ಸೀಳು ಚೂಪಾಗಿದೆ. ಎರಡನೆಯದರಲ್ಲಿ ಗಿಡ್ಡ. ಮೂರನೆಯದರಲ್ಲಿ ಬರೀ ಗುರುತು. ಆಮೇಲೆ ಏನೂ ಇಲ್ಲ. ಮೇಸ್ತ್ರಿ ನಕ್ಕರು. "ಅಚ್ಚಿನ ಹಲ್ಲುಸಂದೀಲಿ ಸೀಸ ಸಿಕ್ಕೊಂಡಿದೆ ಕಣಪ್ಪಾ. ಉಳಿ ಕೆಳಗಿಡು, ಕಡ್ಡಿ ಹಾಕು."

ಬಿದಿರಿನ ಕಡ್ಡಿಯನ್ನು ಚೂಪು ಮಾಡಿ ಮೆಲ್ಲಗೆ ಒತ್ತಿ ಎಳೆದಾಗ ಸಾಸಿವೆ ಸಿಪ್ಪೆಯಂಥ ಒಂದು ಬೂದು ಚೂರು ಹೊರಗೆ ಬಂತು. ಮುಂದಿನ ಬಿಲ್ಲೆಯಲ್ಲಿ ಧ ವಾಪಸ್.

ಅಲ್ಲಿಂದ ನನಗೆ ಒಂದು ಅಭ್ಯಾಸ. ಯಾವ ಬಿಲ್ಲೆಯನ್ನೂ ಸಂಖ್ಯೆ ಹಾಕದೆ ಪಕ್ಕಕ್ಕಿಡುವುದಿಲ್ಲ. ಮೊದಲು ಚೆನ್ನಾಗಿದ್ದು ಆಮೇಲೆ ಸ್ವಲ್ಪಸ್ವಲ್ಪವಾಗಿ ಮಸುಕಾಗುತ್ತಾ ಹೋದರೆ ಅಚ್ಚು ತುಂಬಿಕೊಳ್ಳುತ್ತಿದೆ. ಮೊದಲನೆಯದರಲ್ಲೇ ಇಲ್ಲದಿದ್ದರೆ ನೀವು ಕೆತ್ತಿಯೇ ಇಲ್ಲ, ಇಲ್ಲಾ ಆಳ ಸಾಲದು. ಮೊದಲು ಇಲ್ಲದ ಉಬ್ಬು ಗೆರೆ ಆಮೇಲೆ ಹುಟ್ಟಿ, ಬಿಲ್ಲೆಯಿಂದ ಬಿಲ್ಲೆಗೆ ಉದ್ದವಾಗುತ್ತಿದ್ದರೆ ಅದು ಬಿರುಕು. ಆ ಅಚ್ಚನ್ನು ತಕ್ಷಣ ಪಕ್ಕಕ್ಕಿಡಿ. ಮೆತ್ತನೆಯ ಸೀಸಕ್ಕೇ ಬಿರುಕು ಬಿಡುವ ಅಚ್ಚು ತಾಮ್ರದ ಪೆಟ್ಟಿಗೆ ಚೂರಾಗಿ ಹಾರುತ್ತದೆ.

ನಮ್ಮ ಲಿಪಿಯಲ್ಲಿ ಇಂಥ ಅಪಾಯದ ಜಾಗಗಳು ಬಹಳ. ಧ, ಥ, ಫ ಅಕ್ಷರಗಳ ಸೀಳು, ಠ ಒಳಗಿನ ಚುಕ್ಕೆ, ಒತ್ತಕ್ಷರದ ಬಾಲ. ೬ ಮತ್ತು ೯ರ ಗೊಂದಲ ಬೇರೆ. ತಿರುಗಾಮುರುಗಾ ಕೆತ್ತುವಾಗ ಎರಡರಲ್ಲಿ ಯಾವುದು ಯಾವುದೋ ಆಗಿಬಿಡುತ್ತದೆ. ಅಚ್ಚಿಗೆ ಇಳಿಸುವ ಮುಂಚೆಯೇ ಇಂಥ ಗೀರುಗಳನ್ನು ಬೇಕಿದ್ದಕ್ಕಿಂತ ಒಂಚೂರು ಅಗಲ ಬರೆಯುವುದು ಒಳ್ಳೆಯದು.

ಎಣ್ಣೆಯೂ ಹೀಗೇ ಕಣ್ಣಾಮುಚ್ಚಾಲೆ ಆಡುತ್ತದೆ. ಸೀಸ ಅಂಟದಿರಲಿ ಅಂತ ಧಾರಾಳವಾಗಿ ಎಣ್ಣೆ ಬಳಿದರೆ, ಆಳದ ಜಾಗದಲ್ಲಿ ಅದು ಸಿಕ್ಕಿಕೊಂಡು ಸೀಸವನ್ನು ಒಳಗೆ ಬಿಡುವುದಿಲ್ಲ. ಆಗ ಅಕ್ಷರದ ನೆತ್ತಿ ನುಣ್ಣಗೆ, ಹೊಳೆಯುತ್ತಾ, ಬೆಣ್ಣೆ ಕರಗಿದಂತೆ ಕಾಣುತ್ತದೆ. ಒರೆಸಿ ಹೊಡೆದರೆ ಸರಿಹೋಗುತ್ತದೆ. ಆದರೆ ಒರೆಸುವ ಕಾಟನ್ ವೇಸ್ಟಿನಿಂದ ಒಂದು ಎಳೆ ಉಳಿದರೆ ಮುಂದಿನ ಬಿಲ್ಲೆಯಲ್ಲಿ ಬಳ್ಳಿಯಂತೆ ಸೊಟ್ಟ ತಗ್ಗು ಗೆರೆ. ಹಳೇ ಹತ್ತಿ ಪಂಚೆಯ ತುಂಡು ಎಲ್ಲಕ್ಕಿಂತ ಮೇಲು.

ಬೇಡದ ಚುಕ್ಕೆ

ಅಚ್ಚನ್ನು ಮಳೆಗಾಲದಲ್ಲಿ ಎಣ್ಣೆ ಹಚ್ಚದೆ ಇಟ್ಟಿದ್ದರೆ ತುಕ್ಕು ಸಣ್ಣ ಕುಳಿ ತೋಡಿರುತ್ತದೆ. ಸೀಸದಲ್ಲಿ ಅದು ಉಬ್ಬಿದ ಚುಕ್ಕೆ. ಪದಕದಲ್ಲಾದರೆ ಯಾರೂ ಕೇಳುವುದಿಲ್ಲ, ನಾಣ್ಯದಲ್ಲಿ ಚುಕ್ಕೆಗೆ ಅರ್ಥವಿದೆ. ನಿಮ್ಮ ಜೇಬಿನ ರೂಪಾಯಿ ತೆಗೆದು ಇಸವಿಯ ಕೆಳಗೆ ನೋಡಿ. ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಸವಿಯ ಕೆಳಗೆ ಸರಿಯಾಗಿ ಒಂದು ತುಕ್ಕಿನ ಕುಳಿ ಬಿದ್ದರೆ ಕೋಲ್ಕತ್ತದ ಅಚ್ಚು ನೋಯ್ಡಾದ್ದಾಗಿ ಹೋಗುತ್ತದೆ! ಚುಕ್ಕೆ ಕಂಡರೆ ಅದರ ಅಂಚು ನೋಡಿ. ಪಂಚಿನಿಂದ ಹೊಡೆದದ್ದು ದುಂಡಗಿರುತ್ತದೆ, ತುಕ್ಕು ತಿಂದದ್ದು ಒರಟಾಗಿ, ಪಕ್ಕದಲ್ಲಿ ಇನ್ನೆರಡು ಮರಿಗಳನ್ನು ಇಟ್ಟುಕೊಂಡಿರುತ್ತದೆ.

ಎರಡು ಮುಖ ಒಂದಕ್ಕೊಂದು ತಿರುಗಿದ್ದರೆ

ಒಂದೊಂದೇ ಅಚ್ಚು ಪಾಸಾದ ಮೇಲೆ ಎರಡನ್ನೂ ಸೇರಿಸಿ ಹೊಡೆಯಿರಿ. ಬಿಲ್ಲೆಯ ನೆತ್ತಿ ಮತ್ತು ಪಾದವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ. ನಮ್ಮ ರೂಪಾಯಿಯಲ್ಲಿ ಹಿಂದಿನ ಮುಖವೂ ನೆಟ್ಟಗೆ ನಿಂತಿರುತ್ತದೆ. ಅಮೆರಿಕದ ನಾಣ್ಯದಲ್ಲಿ ತಲೆಕೆಳಗಾಗಿರುತ್ತದೆ, ಅವರ ಪದ್ಧತಿಯೇ ಹಾಗೆ. ನಿಮಗೆ ಬೇಕಾದದ್ದು ಯಾವುದು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಓರೆ ಬಂದರೆ ಹೋಲ್ಡರಿನ ಕೀಲಿ ಸಡಿಲ, ಅಷ್ಟೆ.

ಸೀಸದಲ್ಲಿ ಪಾಸು, ಲೋಹದಲ್ಲಿ ಫೇಲು

ಎಲ್ಲಕ್ಕಿಂತ ಬೇಜಾರು ಮಾಡುವ ದೋಷ ಇದು. ಸೀಸದಲ್ಲಿ ಕೂದಲಿನ ಎಳೆ ಎಳೆಯೂ ಬಂದಿದೆ, ತಾಮ್ರದಲ್ಲಿ ಹೊಡೆದರೆ ತಲೆ ಬೋಳು. ಅಚ್ಚಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಸೀಸ ಬಹಳ ಮೆತ್ತಗಾದ್ದರಿಂದ ಎಂಥ ಆಳಕ್ಕೂ ಹರಿದು ಹೋಗುತ್ತದೆ. ತಾಮ್ರ ಹಾಗಲ್ಲ, ಉಕ್ಕಂತೂ ಅಲ್ಲವೇ ಅಲ್ಲ. 1992ರಿಂದ ಬಂದ ನಮ್ಮ ಒಂದು ರೂಪಾಯಿಯ ಸ್ಟೀಲ್ ನಾಣ್ಯವನ್ನು ಹಳೇ ಬೆಳ್ಳಿ ರೂಪಾಯಿಯ ಪಕ್ಕದಲ್ಲಿಟ್ಟು ನೋಡಿ. ಸ್ಟೀಲಿನ ಚಿತ್ರ ಎಷ್ಟು ಚಪ್ಪಟೆಯಾಗಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ಇದಕ್ಕೆ ಹೆಸರಾದ ಉದಾಹರಣೆ 1921ರ ಅಮೆರಿಕದ ಪೀಸ್ ಡಾಲರ್. ಚಿತ್ರದ ಉಬ್ಬು ಜಾಸ್ತಿಯಾಗಿ, ನಾಣ್ಯದ ನಡುವೆ ಕೂದಲಿನ ಭಾಗ ಸರಿಯಾಗಿ ತುಂಬಲಿಲ್ಲ. ತುಂಬಿಸಲು ಪೆಟ್ಟು ಜಾಸ್ತಿ ಮಾಡಿದರೆ ಅಚ್ಚುಗಳು ಬೇಗ ಒಡೆದವು. 1922ರಲ್ಲಿ ಉಬ್ಬನ್ನೇ ತಗ್ಗಿಸಬೇಕಾಯಿತು. ಒಂದು ಮುಖದ ಆಳದ ಜಾಗದ ಬೆನ್ನಿಗೇ ಇನ್ನೊಂದು ಮುಖದ ಆಳವೂ ಬಂದರೆ ಕಷ್ಟ ದುಪ್ಪಟ್ಟು, ಇರುವ ಅಷ್ಟೇ ಲೋಹಕ್ಕೆ ಎರಡೂ ಕಡೆಯಿಂದ ಜಗಳ.

ಹಾಗಾಗಿ ಸೀಸವನ್ನು ಕೇಳಬೇಕಾದದ್ದು ಅಕ್ಷರ, ಗೆರೆ, ದಿಕ್ಕು, ಗೀರು, ಓರೆ. ತುಂಬುತ್ತದೋ ಇಲ್ಲವೋ, ಅಚ್ಚು ತಾಳುತ್ತದೋ ಇಲ್ಲವೋ ಅನ್ನುವುದಕ್ಕೆ ಕಾಯಿಸಿ ಮೆತ್ತಗೆ ಮಾಡಿದ ತಾಮ್ರದಲ್ಲಿ, ಕೊನೆಗೆ ನಿಜವಾದ ಲೋಹದಲ್ಲಿ ಹೊಡೆದೇ ನೋಡಬೇಕು. ತೂಕವನ್ನೂ ಸೀಸದಿಂದ ಲೆಕ್ಕ ಹಾಕಬೇಡಿ. ಒಂದು ಘನ ಸೆಂಟಿಮೀಟರ್ ಸೀಸ 11.34 ಗ್ರಾಂ ತೂಗಿದರೆ ತಾಮ್ರ 9 ಗ್ರಾಂಗೂ ಸ್ವಲ್ಪ ಕಮ್ಮಿ.

ಹದ ಹಾಕುವ ಮುಂಚೆ, ಹಾಕಿದ ಮೇಲೆ

ತಿದ್ದುವುದೆಲ್ಲ ಉಕ್ಕು ಮೆತ್ತಗಿರುವಾಗಲೇ ಆಗಬೇಕು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಉಳಿ ಜಾರುತ್ತದೆ. ಆದ್ದರಿಂದ ಹದಕ್ಕೆ ಮುಂಚಿನ ಕೊನೆಯ ಸೀಸದ ಬಿಲ್ಲೆಯನ್ನು ಜೋಪಾನವಾಗಿಡಿ. ಅಚ್ಚಿನಲ್ಲಿ ಸೀಸದ ಚೂರು ಉಳಿದಿಲ್ಲವೆಂದು ಎರಡು ಸಲ ನೋಡಿ. ಉಳಿದರೆ ಕುಲುಮೆಯಲ್ಲಿ ಅದು ಕರಗಿ ಹೊಗೆಯಾಗುತ್ತದೆ, ಅಚ್ಚಿನ ಮುಖಕ್ಕೂ ಕಲೆ, ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು. ಹದವಾದ ಮೇಲೆ ಇನ್ನೊಂದು ಬಿಲ್ಲೆ ಹೊಡೆದು ಹಳೆಯದರ ಪಕ್ಕ ಇಡಿ. ಹೊಸ ಉಬ್ಬು ಗೆರೆ ಕಂಡರೆ ಅದ್ದುವಾಗ ಬಿರುಕು ಬಿಟ್ಟಿದೆ. ಉಕ್ಕಿನ ಸ್ಕೇಲನ್ನು ನಡುವೆ ಅಡ್ಡ ಹಿಡಿದಾಗ ಹೊಸ ಬಿಲ್ಲೆಯಲ್ಲಿ ಚಿತ್ರವಿಲ್ಲದ ಬಯಲು ಜಾಗ ಉಬ್ಬಿದ್ದರೆ ಅಚ್ಚಿನ ನಡು ಕುಸಿದಿದೆ.

ಹದ ಹಾಕುವ ಮುಂಚೆ ನಾನು ಮಾಡುವ ಇನ್ನೊಂದು ಕೆಲಸವಿದೆ. ಭೂತಗನ್ನಡಿ ಪಕ್ಕಕ್ಕಿಟ್ಟು, ಬಿಲ್ಲೆಯನ್ನು ಒಂದು ಮೊಳ ದೂರ ಹಿಡಿದು, ಚಿತ್ರವನ್ನು ಮೊದಲು ನೋಡಿರದ ಯಾರನ್ನಾದರೂ ಕೇಳುತ್ತೇನೆ, "ಇದೇನು ಹೇಳಿ?" 1911ರಲ್ಲಿ ಐದನೇ ಜಾರ್ಜ್ ರಾಜನ ಹೊಸ ರೂಪಾಯಿ ಬಂದಾಗ, ಅವನ ಎದೆಯ ಮೇಲಿನ ಹಾರದಲ್ಲಿ ಒಂದು ಪುಟಾಣಿ ಆನೆಯಿತ್ತು. ಸೊಂಡಿಲು ಗಿಡ್ಡ, ಕಾಲು ಗಿಡ್ಡ. ಜನ ಅದನ್ನು ಹಂದಿ ಅಂದರು, ಗಲಾಟೆಯಾಯಿತು, ನಾಣ್ಯ ವಾಪಸಾಯಿತು. ಅಚ್ಚಿನಲ್ಲಿ ಗೀರಿಲ್ಲ, ಬಿರುಕಿಲ್ಲ, ಪ್ರೆಸ್ಸಿನಲ್ಲಿ ಓರೆಯಿಲ್ಲ. ಮೂರು ಬಿಲ್ಲೆ ಹೊಡೆದಿದ್ದರೂ ಮೂರರಲ್ಲೂ ಅದೇ ಪ್ರಾಣಿ. 1912ರ ರೂಪಾಯಿಯಲ್ಲಿ ಸೊಂಡಿಲು ಉದ್ದವಾಗಿ, ನೋಡಿದರೆ ಆನೆ ಅನ್ನುವಂತೆ ಬಂತು.

ಬಿಲ್ಲೆಗಳನ್ನು ಇಡುವುದು

ಮರದ ಪೆಟ್ಟಿಗೆ, ರಟ್ಟಿನ ಡಬ್ಬ ಬೇಡ. ಮರದಿಂದ ಹೊರಡುವ ಹುಳಿ ಆವಿ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಆ ಪುಡಿಯೂ ವಿಷ, ಊದಬೇಡಿ. ಆಮೇಲೆ ತೆಗೆದು ನೋಡಿದವರು ಸವೆದ ಗೆರೆಯನ್ನು ಅಚ್ಚಿನ ದೋಷ ಅಂದುಕೊಳ್ಳುತ್ತಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅಚ್ಚಿನ ಸಂಖ್ಯೆ ಮತ್ತು ತಾರೀಖಿನ ಚೀಟಿಯ ಜೊತೆ ಇಡಿ.

ಎಲ್ಲಾದರೂ ಹಳೇ ಸೀಸದ ಬಿಲ್ಲೆ ಸಿಕ್ಕರೆ ತಕ್ಷಣ ಇದು ಅಚ್ಚು ಪರೀಕ್ಷೆಯದು ಅನ್ನಬೇಡಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಕಾರವಾರದ ಕಡೆ ಸಿಕ್ಕ ಶಾತವಾಹನರ ಕಾಲದ ಸೀಸದ ನಾಣ್ಯಗಳು ಜನರ ಕೈಯಲ್ಲಿ ಓಡಾಡಿದ ನಿಜವಾದ ದುಡ್ಡು. ಪರೀಕ್ಷೆಯ ತುಂಡಾದರೆ ಹೆಚ್ಚಾಗಿ ಒಂದೇ ಮುಖ ಇರುತ್ತದೆ, ಆಕಾರ ಅಡ್ಡಾದಿಡ್ಡಿ ಇರುತ್ತದೆ. ಒಂದೇ ಪಟ್ಟಿಯ ಮೇಲೆ ಎರಡು ಮೂರು ಕಡೆ ಒತ್ತಿರುವುದೂ ಉಂಟು.